ಮಳೆಯೇ ಸರಿಯಾಗಿ ಬರದ ಕೋಲಾರದಲ್ಲಿ ಡೆಂಗಿ ಎಲ್ಲಿಂದ ಬರುತ್ತದೆ?

ಮಳೆ ಬಂದರೆ ತಾನೇ ಸೊಳ್ಳೆ, ಕೆರೆಗಳೇ ಒಣಗಿರುವಾಗ ನಮ್ಮ ಕಡೆ ಡೆಂಗಿ ಹೇಗೆ ಅಂತ ಕೇಳಿದ್ದೀರಿ. ಅದು ಬರುವುದು ಕೆರೆಯಿಂದಲ್ಲ, ಮನೆಯ ಡ್ರಮ್ಮಿನಿಂದ. ಬಂಗಾರಪೇಟೆ, ಮುಳಬಾಗಿಲು ಕಡೆ ಮನೆಮನೆಗೆ ಹೋಗಿ ಲಾರ್ವಾ (ನೀರಿನಲ್ಲಿರುವ ಸೊಳ್ಳೆ ಮರಿ) ನೋಡುವ ಕೆಲಸ ಮಾಡಿದ್ದೇನೆ. ಕಂಡದ್ದನ್ನೇ ಹೇಳುತ್ತೇನೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೆರೆ, ಚರಂಡಿ ಬೇಕಿಲ್ಲ. ಡ್ರಮ್ಮು, ಸಂಪು, ಸಿಮೆಂಟ್ ತೊಟ್ಟಿ, ಹಳೇ ಟೈರು, ಫ್ರಿಜ್ಜಿನ ಹಿಂದಿನ ಟ್ರೇ, ಇಷ್ಟು ಸಾಕು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ, ನಲ್ಲಿ ನೀರು ಯಾವತ್ತು ಬರುತ್ತದೋ ಹೇಳೋಕಾಗಲ್ಲ, ಹಾಗಾಗಿ ಬಂದ ದಿನ ಬಿಂದಿಗೆಯಿಂದ ಹಿಡಿದು ಬಾಂಡ್ಲಿವರೆಗೂ ಎಲ್ಲವನ್ನೂ ತುಂಬಿಸಿಡುತ್ತೇವೆ. ಮಳೆ ಕಡಿಮೆಯಾದಷ್ಟೂ ಹಿಡಿದಿಟ್ಟ ನೀರು ಜಾಸ್ತಿ, ಅಲ್ವಾ? 2023ರಲ್ಲಿ ರಾಜ್ಯದಲ್ಲಿ ಬರ ಬಿತ್ತು, ಮುಂದಿನ ಬೇಸಿಗೆ ನೀರಿಗೆ ಪರದಾಟ, 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಎಲ್ಲಾ ಬರದಿಂದಲೇ ಆಯಿತು ಅನ್ನುತ್ತಿಲ್ಲ. ಆದರೆ ಬರದ ವರ್ಷ ಡೆಂಗಿ ಇರಲ್ಲ ಅನ್ನುವುದು ಸುಳ್ಳು.

ಜನ ಲೆಕ್ಕಕ್ಕೇ ಇಟ್ಟುಕೊಳ್ಳದ ವಿಷಯ ಬಿಸಿಲು. ರೋಗಿಯ ರಕ್ತ ಕುಡಿದ ತಕ್ಷಣ ಸೊಳ್ಳೆ ರೋಗ ಹರಡುವುದಿಲ್ಲ. ವೈರಸ್ ಅದರ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿಗೆ ಸೇರಬೇಕು. 25ರಿಂದ 28 ಡಿಗ್ರಿ ಇದ್ದರೆ ಇದಕ್ಕೆ ಹೆಚ್ಚುಕಡಿಮೆ 8ರಿಂದ 12 ದಿನ ಹಿಡಿಯುತ್ತದೆ. ಸೆಕೆ ಏರಿದರೆ ಬೇಗ, ಚಳಿಯಾದರೆ ತಡ. ಸೊಳ್ಳೆ ಬದುಕುವುದೇ ಕೆಲವು ವಾರ, ಡಿಸೆಂಬರ್ ಚಳಿಯಲ್ಲಿ ಎಷ್ಟೋ ಸೊಳ್ಳೆ ವೈರಸ್ ತಯಾರಾಗುವ ಮೊದಲೇ ಸಾಯುತ್ತವೆ. ಹಾಗಂತ ಬಿಸಿಲು ಜಾಸ್ತಿಯಾದಷ್ಟೂ ಅದಕ್ಕೆ ಲಾಭ ಅಂತಲೂ ಅಲ್ಲ, ಗಾಳಿ ತೀರಾ ಒಣಗಿದ್ದರೆ ಬೇಗ ಸಾಯುತ್ತದೆ. ಒಂದೆರಡು ದಿನ ಮಳೆ, ಆಮೇಲೆ ಬಿಸಿಲು, ಮತ್ತೆ ಜಿಟಿಜಿಟಿ, ಗಾಳಿಯಲ್ಲಿ ತೇವ, ಇದೇ ಅದಕ್ಕೆ ಹಬ್ಬ. ನಮ್ಮಲ್ಲಿ ಆಗಸ್ಟ್‌ನಿಂದ ಅಕ್ಟೋಬರ್ ಹೀಗೇ ತಾನೇ ಇರುವುದು! ಜೋರು ಮಳೆ ಬಂದರೆ ಹೊರಗಿನ ಟೈರು, ಚಿಪ್ಪಿನಲ್ಲಿದ್ದ ಲಾರ್ವಾ ಕೊಚ್ಚಿಹೋಗುತ್ತದೆ, ಒಳಗಿನ ಡ್ರಮ್ಮಿಗೆ ಅದು ತಟ್ಟುವುದೇ ಇಲ್ಲ.

ಎಲ್ಲಾ ಸೊಳ್ಳೆಯೂ ಹೀಗಲ್ಲ. ಮಿದುಳು ಜ್ವರ ಹರಡುವ ಕ್ಯೂಲೆಕ್ಸ್ ಗದ್ದೆ ನೀರಿನಲ್ಲಿ ಬೆಳೆಯುತ್ತದೆ, ವೈರಸ್ ಬೆಳ್ಳಕ್ಕಿ ಮತ್ತು ಹಂದಿಗಳಲ್ಲಿ ಇರುತ್ತದೆ. 1970ರ ದಶಕದ ಕೊನೆಗೆ ಕೋಲಾರ ಅದರಿಂದ ಬಹಳ ನರಳಿತ್ತು. ಅಲ್ಲಿ ನಿಮ್ಮ ಮಳೆ ಲೆಕ್ಕ ಸರಿ.

ಮನೆಗಳಲ್ಲಿ ‘ವಾರಕ್ಕೊಮ್ಮೆ ನೀರು ಚೆಲ್ಲಿ’ ಅಂದರೆ ‘ಟ್ಯಾಂಕರ್ ದುಡ್ಡು ನೀವು ಕೊಡ್ತೀರಾ ಸಾರ್?’ ಅನ್ನುತ್ತಿದ್ದರು. ಅವರು ಕೇಳುವುದರಲ್ಲಿ ತಪ್ಪೇನಿದೆ? ಹಾಗಾಗಿ ಚೆಲ್ಲಿ ಅನ್ನುವ ಬದಲು ಹಳೇ ಪಂಚೆ ಕಟ್ಟಿ ಬಾಯಿ ಮುಚ್ಚಿ ಅಂತ ಹೇಳತೊಡಗಿದೆ. ಸಂಪು, ತೊಟ್ಟಿಗೆ ಲಾರ್ವಾ ತಿನ್ನುವ ಗಪ್ಪಿ ಮೀನು ಬಿಡಬಹುದು. ಕಾಮಸಮುದ್ರದ ಕಡೆ ಮಲೇರಿಯಾ ಇದ್ದಾಗ ಬಾವಿಗಳಿಗೆ ಮೀನು ಬಿಟ್ಟು ಒಳ್ಳೆ ಫಲ ಕಂಡಿದ್ದಾರೆ. ಡ್ರಮ್ಮು ಖಾಲಿಯಾದಾಗ ಒಳಗೋಡೆಯನ್ನು ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿ. ಮೊಟ್ಟೆ ನೀರಿನ ಅಂಚಿಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ನೀರು ತಾಗಿದ ಮೇಲೆ ಒಡೆಯುತ್ತದೆ.

ಇನ್ನು ಫಾಗಿಂಗ್. ಮೊಟ್ಟೆ ಸೊಳ್ಳೆಯಾಗಲು ವಾರದ ಮೇಲೆ, ವೈರಸ್ ತಯಾರಾಗಲು ಇನ್ನೊಂದು ವಾರದ ಮೇಲೆ, ಕಚ್ಚಿದ ಮೇಲೆ ಜ್ವರ ಬರಲು 4ರಿಂದ 10 ದಿನ. ಅಂದರೆ ಇವತ್ತಿನ ಜ್ವರಕ್ಕೆ ಕಾರಣ ಮೂರು ನಾಲ್ಕು ವಾರದ ಹಿಂದಿನ ಹವಾಮಾನ. ಹೊಗೆ ದೊಡ್ಡ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ, ಡ್ರಮ್ಮಿನ ಲಾರ್ವಾಗೆ ಏನೂ ಆಗಲ್ಲ. ಮೊದಲ ಮಳೆ ಬಿದ್ದ ವಾರವೇ ಬಟ್ಟೆ ಕಟ್ಟಿ, ಬೀದಿಗೆ ಹೊಗೆ ಗಾಡಿ ಬರಲಿ ಅಂತ ಕಾಯಬೇಡಿ.