‘ಚಿಟಿಕೆ ಲೋಹ, ಬೆಟ್ಟದಷ್ಟು ಕಾಂತಶಕ್ತಿ’ ಲೇಖನದ ಬಗ್ಗೆ

ನಮಸ್ಕಾರ. ಕಬ್ಬಿಣಕ್ಕೆ ಬೇರೆ ಧಾತು ಚಿಟಿಕೆಯಷ್ಟು ಬೆರೆಸಿದರೆ ಅದರ ಕಾಂತಗುಣ ಹೇಗೆ ಬದಲಾಗುತ್ತದೆ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲಾಗುವುದಿಲ್ಲ. ಆದರೆ ಒಳಗೊಂದು ಒಳ್ಳೆಯ ಲೇಖನ ಅಡಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಶೀರ್ಷಿಕೆ. ಸಿಲಿಕಾನ್ ಬೆರೆಸಿದರೆ ಕಬ್ಬಿಣದ ಕಾಂತಶಕ್ತಿ ಹೆಚ್ಚುತ್ತದೆ ಎಂದು ಮೂರು ಕಡೆ ಬರೆದಿದ್ದೀರಿ. ಯಾವುದು ಹೆಚ್ಚುತ್ತದೆ? ಶುದ್ಧ ಕಬ್ಬಿಣ ತಲುಪಬಲ್ಲ ಗರಿಷ್ಠ ಕಾಂತತೆ ಸುಮಾರು 2.15 ಟೆಸ್ಲಾ (ಕಾಂತತೆಯ ಅಳತೆ). ಶೇ. 3ರಷ್ಟು ಸಿಲಿಕಾನ್ ಸೇರಿದರೆ ಅದು 2ರ ಆಸುಪಾಸಿಗೆ ಇಳಿಯುತ್ತದೆ. ಲಾಭ ಬೇರೆ ಕಡೆ ಇದೆ: ವಿದ್ಯುತ್ ರೋಧ ನಾಲ್ಕೈದು ಪಟ್ಟಾಗಿ, ಟ್ರಾನ್ಸ್‌ಫಾರ್ಮರ್ ತಗಡಿನೊಳಗೇ ಸುತ್ತುವ ಸುಳಿ ವಿದ್ಯುತ್ತಿನಿಂದ ಸುಮ್ನೆ ಬಿಸಿಯಾಗಿ ಹೋಗುವ ಶಕ್ತಿ ಉಳಿಯುತ್ತದೆ. ಹಾಗಿದ್ದರೆ ಇನ್ನೂ ಜಾಸ್ತಿ ಹಾಕಬಾರದೇಕೆ? ಓದುಗ ಕೇಳಿಯೇ ಕೇಳುತ್ತಾನೆ. ಹೆಚ್ಚಾದರೆ ಉಕ್ಕು ಪೆಡಸಾಗಿ, ತಗಡು ಮಾಡುವಾಗಲೇ ಒಡೆಯುತ್ತದೆ ಎಂದು ಒಂದು ಸಾಲು ಸೇರಿಸಿ.

ಕೋಬಾಲ್ಟ್ ಭಾಗ ತೆಗೆಯಿರಿ. ಅದು ಕಬ್ಬಿಣದ ಗರಿಷ್ಠ ಕಾಂತತೆಯನ್ನು ಏರಿಸುತ್ತದೆ ಎಂಬ ವಿಷಯ ಸರಿಯಿದೆ. ಆದರೆ ಶೇ. 35 ಅಂದರೆ ಚಿಟಿಕೆ ಅಲ್ಲ, ಅಲ್ವಾ?

ಇನ್ನು ನಿಮ್ಮ ನಿಜವಾದ ಕಥೆ. ಅದನ್ನು ಒಂಬತ್ತನೇ ಪ್ಯಾರಾದಲ್ಲಿ ಹೂತಿಟ್ಟಿದ್ದೀರಿ! 1988ರಲ್ಲಿ ಜಪಾನಿನ ಹಿಟಾಚಿ ಮೆಟಲ್ಸ್‌ನ ಯೋಶಿಝಾವಾ ಮತ್ತು ಸಂಗಡಿಗರು ಪ್ರಕಟಿಸಿದ ಕಾಂತ ಮಿಶ್ರಲೋಹ, ಫೈನ್‌ಮೆಟ್. ಕಬ್ಬಿಣ, ಸಿಲಿಕಾನ್, ಬೋರಾನ್ ಕರಗಿಸಿ, ಗಾಜಿನಂತೆ ಹರಳಿಲ್ಲದ ತೆಳು ಪಟ್ಟಿ ಮಾಡುತ್ತಾರೆ. ಅದನ್ನು ಹಾಗೇ ಕಾಯಿಸಿದರೆ ದಪ್ಪ ಹರಳು ಬೆಳೆದು ಕಾಂತಗುಣ ಕೆಡುತ್ತದೆ. ಶೇ. 1 ತಾಮ್ರ, ಶೇ. 3 ನಿಯೋಬಿಯಂ ಎಂಬ ಲೋಹ ಸೇರಿಸಿ 550 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿದರೆ ಕಥೆಯೇ ಬೇರೆ. ತಾಮ್ರಕ್ಕೂ ಕಬ್ಬಿಣಕ್ಕೂ ಹೊಂದುವುದಿಲ್ಲ. ತಾಮ್ರದ ಪರಮಾಣುಗಳು ಮೊದಲೇ ಗುಂಪುಗೂಡುತ್ತವೆ, ಒಂದೊಂದು ಗುಂಪಿನ ಪಕ್ಕದಲ್ಲಿ ಒಂದೊಂದು ಹರಳು ಹುಟ್ಟುತ್ತದೆ. ನಿಯೋಬಿಯಂ ಹರಳಿನ ಹೊರಗೇ ಉಳಿದು ಅದನ್ನು ಬೆಳೆಯಲು ಬಿಡುವುದಿಲ್ಲ. ಕೊನೆಗೆ ಸಿಗುವ ಹರಳಿನ ಗಾತ್ರ 10ರಿಂದ 15 ನ್ಯಾನೋಮೀಟರ್.

ಇಲ್ಲಿ ನೀವು ತುಸು ನಿಂತು ವಿವರಿಸಬೇಕಿತ್ತು. ಹರಳು ಸಣ್ಣದಾದಷ್ಟೂ ಕಾಂತದ ದಿಕ್ಕು ತಿರುಗಿಸುವುದು ಕಷ್ಟ ಎಂಬುದು ಅಲ್ಲಿಯವರೆಗಿನ ಪಾಠ. ಇಲ್ಲಿ ಆದದ್ದು ತದ್ವಿರುದ್ಧ. ಹರಳುಗಳು ಅಷ್ಟು ಸಣ್ಣವಾದಾಗ ಅಕ್ಕಪಕ್ಕದವು ಒಂದನ್ನೊಂದು ಎಳೆದುಕೊಂಡು ಒಟ್ಟಿಗೆ ತಿರುಗುತ್ತವೆ. ತನ್ನದೇ ದಿಕ್ಕಿಗೆ ನಿಲ್ಲುವ ಪ್ರತಿ ಹರಳಿನ ಸ್ವಂತ ಹಟ ಸರಾಸರಿಯಲ್ಲಿ ಕರಗಿಹೋಗಿ, ಕಾಂತದ ದಿಕ್ಕು ಸುಲಭವಾಗಿ ತಿರುಗುತ್ತದೆ. ಇದನ್ನು ನೀವು ಅರ್ಧ ವಾಕ್ಯದಲ್ಲಿ ಮುಗಿಸಿ, ಸಿಲಿಕಾನ್ ಉಕ್ಕು ರೂಪಿಸಿದ ರಾಬರ್ಟ್ ಹ್ಯಾಡ್‌ಫೀಲ್ಡ್‌ರ ಜೀವನಕ್ಕೆ ಒಂದು ಪುಟ ಕೊಟ್ಟಿದ್ದೀರಿ.

ಇನ್ನೊಂದು. ತಾಮ್ರ, ನಿಯೋಬಿಯಂಗಳ ಈ ಶೇಕಡಾ ಲೆಕ್ಕ ಪರಮಾಣುಗಳದ್ದು, ತೂಕದ್ದಲ್ಲ. ನಿಯೋಬಿಯಂ ಭಾರದ ಲೋಹ. ಆ 3, ತೂಕದಲ್ಲಿ ಐದೂವರೆ ದಾಟುತ್ತದೆ. ನೀವು ಸಿಲಿಕಾನ್ ಉಕ್ಕಿಗೆ ತೂಕದ ಲೆಕ್ಕ, ಫೈನ್‌ಮೆಟ್‌ಗೆ ಪರಮಾಣುವಿನ ಲೆಕ್ಕ ಹಿಡಿದು, ಎರಡನ್ನೂ ಒಂದೇ ಕೋಷ್ಟಕಕ್ಕೆ ತುಂಬಿದ್ದೀರಿ. ಎಂಜಿನಿಯರಿಂಗ್ ಓದುವ ಯಾರಾದರೂ ಮೊದಲು ಹಿಡಿಯುವುದು ಇದನ್ನೇ.

ತಾಮ್ರದಿಂದ ಶುರು ಮಾಡಿ ಮತ್ತೆ ಬರೆಯಿರಿ. ಸಿಲಿಕಾನ್ ಎರಡನೆಯದಾಗಿ ಬರಲಿ, ಹ್ಯಾಡ್‌ಫೀಲ್ಡ್‌ಗೆ ಎರಡು ಸಾಲು ಸಾಕು. ಒಂದು ಸಾವಿರ ಪದ ದಾಟದಿದ್ದರೆ ಮುಂದಿನ ಸಂಚಿಕೆಗೇ ನೋಡುತ್ತೇನೆ.