ಓದುಗರ ಪ್ರಶ್ನೆ: ಮೂರು ಗೇಟು, ಮೂರು ಜೀನು, ಎರಡು ನರಕೋಶ

ಪ್ರಶ್ನೆ: 74ಎಚ್‌ಸಿ04 ಐಸಿಯ ಮೂರು ನಾಟ್ ಗೇಟುಗಳನ್ನು (ಒಳಬಂದ ಸಂಕೇತವನ್ನು ತಲೆಕೆಳಗು ಮಾಡುವವು) ಉಂಗುರದಂತೆ ಜೋಡಿಸಿದ್ದೇನೆ. ಎಲ್‌ಇಡಿ ಮಿನುಗುವ ಬದಲು ಮಂಕಾಗಿ ಉರಿಯುತ್ತಲೇ ಇದೆ. ಐಸಿ ಕೆಟ್ಟಿದೆಯೇ?

ಉತ್ತರ: ಐಸಿ ಕೆಟ್ಟಿರುವ ಸಾಧ್ಯತೆ ಕಡಿಮೆ. ಎಲ್‌ಇಡಿ ಮಿನುಗುತ್ತಿದೆ, ಕಣ್ಣಿಗೆ ಸಿಗುತ್ತಿಲ್ಲ ಅಷ್ಟೆ. 5 ವೋಲ್ಟಿನಲ್ಲಿ ಇದರ ಒಂದು ಗೇಟಿಗೆ ಸುಮಾರು 8 ನ್ಯಾನೊಸೆಕೆಂಡ್ ಬೇಕು. ಒಂದು ಆವರ್ತಕ್ಕೆ ಸಂಕೇತ ಉಂಗುರವನ್ನು ಎರಡು ಸುತ್ತು ಹಾಕಬೇಕು: 2 × 3 × 8 = 48 ನ್ಯಾನೊಸೆಕೆಂಡ್. ಅಂದರೆ ಸೆಕೆಂಡಿಗೆ ಸುಮಾರು ಎರಡು ಕೋಟಿ ಸಲ. ಕಣ್ಣಿಗೆ ಕಾಣುವುದು ಅದರ ಸರಾಸರಿ.

ನಿಧಾನಗೊಳಿಸಲು 74ಎಚ್‌ಸಿ14 ಹಾಕಿ. ಇದೂ ನಾಟ್ ಗೇಟುಗಳ ಐಸಿಯೇ, ಪಿನ್‌ಗಳು ಅವೇ. 04 ಇಲ್ಲಿ ಬೇಡ: ನಿಧಾನವಾಗಿ ಏರುವ ವೋಲ್ಟೇಜು ಬಂದರೆ ಅದು ನಡುವಿನಲ್ಲಿ ತತ್ತರಿಸುತ್ತದೆ. 14ರಲ್ಲಿ ಸ್ಥಿತಿ ಬದಲಾಗುವ ಹೊಸ್ತಿಲು ಏರುವಾಗಿನದು ಬೇರೆ, ಇಳಿಯುವಾಗಿನದು ಬೇರೆ, ಹಾಗಾಗಿ ತತ್ತರಿಸುವುದಿಲ್ಲ. ಪಿನ್ 2ರಿಂದ 3ಕ್ಕೆ, 4ರಿಂದ 5ಕ್ಕೆ, 6ರಿಂದ 1ಕ್ಕೆ ತಲಾ ಒಂದು 100 ಕಿಲೋ ಓಮ್ ರೆಸಿಸ್ಟರ್. 3, 5, 1 ಪ್ರತಿಯೊಂದರಿಂದಲೂ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್, ಮೈನಸ್ ಕಾಲು ಗ್ರೌಂಡಿಗೆ. ಎಲ್‌ಇಡಿಯನ್ನು ಉಂಗುರಕ್ಕೆ ನೇರವಾಗಿ ತಗುಲಿಸಬೇಡಿ. ಪಿನ್ 6ನ್ನು 9ಕ್ಕೆ ಸೇರಿಸಿ, 8ರಿಂದ 1 ಕಿಲೋ ಓಮ್ ಮೂಲಕ ಎಲ್‌ಇಡಿಗೆ ಕೊಡಿ. ಬಳಸದ 11 ಮತ್ತು 13ನ್ನು ಗ್ರೌಂಡಿಗೆ ಸೇರಿಸಿ. 14 ಮತ್ತು 7ರ ನಡುವೆ 0.1 ಮೈಕ್ರೋಫ್ಯಾರಡ್ ಇರಲಿ. 4ರಿಂದ 6 ಸೆಕೆಂಡಿಗೊಮ್ಮೆ ಮಿನುಗಬೇಕು. ಇನ್ನೂ ನಿಧಾನ ಬೇಕೆಂದು 1 ಮೆಗಾ ಓಮ್ ಹಾಕಿದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಸೋರಿಕೆಯೇ ವೋಲ್ಟೇಜನ್ನು ಹೊಸ್ತಿಲು ಮುಟ್ಟಲು ಬಿಡದೆ ಹೋಗಬಹುದು. ಆಗ ಉಂಗುರ ಒಂದೇ ಸ್ಥಿತಿಯಲ್ಲಿ ನಿಂತುಬಿಡುತ್ತದೆ.

ಪ್ರಶ್ನೆ: ಜೀನ್‌ಗಳಲ್ಲೂ ಇಂಥ ಉಂಗುರ ಮಾಡಿದ್ದಾರಂತೆ. ಅಲ್ಲಿ ತಂತಿ ಯಾವುದು, ಕೆಪಾಸಿಟರ್ ಯಾವುದು?

ಉತ್ತರ: 2000ದಲ್ಲಿ ಮೈಕೆಲ್ ಎಲೊವಿಟ್ಜ್ ಮತ್ತು ಸ್ಟಾನಿಸ್ಲಾಸ್ ಲೈಬ್ಲರ್ ಇದನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಕಟ್ಟಿದರು. ಲ್ಯಾಕ್‌ಐ ಪ್ರೋಟೀನು ಟೆಟ್‌ಆರ್ ಜೀನನ್ನು ತಡೆಯುತ್ತದೆ, ಟೆಟ್‌ಆರ್ ಸಿಐ ಜೀನನ್ನು, ಸಿಐ ಮತ್ತೆ ಲ್ಯಾಕ್‌ಐ ಜೀನನ್ನು. ತಂತಿ ಎಂಬುದೇ ಇಲ್ಲ. ಎಲ್ಲ ಪ್ರೋಟೀನುಗಳೂ ಒಂದೇ ದ್ರವದಲ್ಲಿ ತೇಲುತ್ತವೆ. ಯಾವುದು ಯಾವ ಡಿಎನ್‌ಎ ತುಣುಕಿಗೆ ಅಂಟುತ್ತದೆ ಎಂಬುದೇ ಜೋಡಣೆ. ಹಾಗಾಗಿ ಒಂದೇ ತಡೆ ಪ್ರೋಟೀನನ್ನು ಎರಡು ಗೇಟಿಗೆ ಬಳಸಿದರೆ ಶಾರ್ಟ್ ಸರ್ಕ್ಯೂಟ್ ಆದಂತೆಯೇ.

ಕೆಪಾಸಿಟರಿನ ಕೆಲಸ ಮಾಡುವುದು ಕೂಡಿಟ್ಟ ಪ್ರೋಟೀನು. ಅದು ಕರಗುವ ವೇಗವೇ ಡಿಸ್ಚಾರ್ಜ್. ಹೆಚ್ಚು ಸ್ಥಿರವಾದ ಪ್ರೋಟೀನು ಕೋಶ ಒಡೆದು ಇಬ್ಭಾಗವಾದಾಗ ಮಾತ್ರ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಅವರು ಪ್ರತಿಯೊಂದರ ಬಾಲಕ್ಕೂ ಎಸ್‌ಎಸ್‌ಆರ್‌ಎ ಎಂಬ ಗುರುತನ್ನು ಅಂಟಿಸಿದರು. ಅದು ಕಂಡರೆ ಕೋಶದ ಪ್ರೋಟಿಯೇಸ್‌ಗಳು ಪ್ರೋಟೀನನ್ನು ಬೇಗ ಕತ್ತರಿಸುತ್ತವೆ. ಆವರ್ತ ಸುಮಾರು ಎರಡೂವರೆ ಗಂಟೆ, ಕೋಶ ವಿಭಜನೆಯ ಅವಧಿಗಿಂತ ಹೆಚ್ಚು.

ಇಲ್ಲೂ ನಿಮ್ಮ ಮಂಕು ಎಲ್‌ಇಡಿಯ ತೊಂದರೆಯೇ. ಉಂಗುರದ ಏರಿಳಿತ ತೋರಿಸಲು ಕೋಶಗಳಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಸೇರಿಸಿದ್ದರು. ಪ್ರತಿ ಕೋಶವೂ ತನ್ನದೇ ತಾಳದಲ್ಲಿರುವುದರಿಂದ ಫ್ಲಾಸ್ಕಿನ ಹಸಿರು ಹೊಳಪನ್ನು ಒಟ್ಟಾಗಿ ಅಳೆದರೆ ಸಪಾಟು ಗೆರೆ ಬರುತ್ತದೆ. ಸೂಕ್ಷ್ಮದರ್ಶಕದಡಿ ಒಂದೊಂದೇ ಕೋಶವನ್ನು ಹಿಂಬಾಲಿಸಬೇಕು.

ಪ್ರಶ್ನೆ: ಒಂದನ್ನೊಂದು ತಡೆಯುವ ಎರಡೇ ನರಕೋಶಗಳು ನಡಿಗೆಯ ಲಯ ಹುಟ್ಟಿಸುತ್ತವೆ ಎಂದು ಓದಿದೆ. ಉಂಗುರ ಮಿಡಿಯಲು ಮೂರರಂತೆ ಬೆಸ ಸಂಖ್ಯೆಯ ತಡೆಗಳು ಬೇಕಲ್ಲವೇ?

ಉತ್ತರ: ಒಳ್ಳೆಯ ಅನುಮಾನ. ಎರಡು ತಡೆಗಳು ಸೇರಿದರೆ ನೆನಪಾಗುತ್ತದೆ: ಒಂದು ಗೆದ್ದರೆ ಗೆದ್ದೇ ಇರುತ್ತದೆ, ಫ್ಲಿಪ್‌ಫ್ಲಾಪಿನಂತೆ. 2000ದಲ್ಲೇ ಗಾರ್ಡ್ನರ್, ಕ್ಯಾಂಟರ್, ಕಾಲಿನ್ಸ್ ಜೀನ್‌ಗಳಲ್ಲಿ ಕಟ್ಟಿದ ಸ್ವಿಚ್ಚೂ ಹೀಗೆಯೇ. ನರಕೋಶಗಳಲ್ಲಿ ಲಯ ಬರುವುದು ಗೆದ್ದ ಕೋಶ ದಣಿಯುವುದರಿಂದ. ಅದು ಬಡಿಯುತ್ತಿದ್ದಂತೆ ಒಳಗೆ ಕ್ಯಾಲ್ಸಿಯಂ ಏರಿ, ಪೊಟ್ಯಾಸಿಯಂ ದ್ವಾರಗಳು ತೆರೆದು ಸದ್ದಡಗುತ್ತದೆ, ಎದುರಿನದು ಬಿಡುಗಡೆಯಾಗುತ್ತದೆ. ಈ ಜೋಡಿಯ ಕಲ್ಪನೆಯನ್ನು ಗ್ರಹಾಂ ಬ್ರೌನ್ 1911ರಲ್ಲಿ ಮುಂದಿಟ್ಟರು.

ಎರಡು ಬಿಸಿ547 ಟ್ರಾನ್ಸಿಸ್ಟರುಗಳಲ್ಲಿ ಪರೀಕ್ಷಿಸಿ. ತಲಾ ಒಂದು 1 ಕಿಲೋ ಓಮ್ ಕಲೆಕ್ಟರಿನಿಂದ 5 ವೋಲ್ಟಿಗೆ, ಎಮಿಟರ್‌ಗಳು ಗ್ರೌಂಡಿಗೆ. ಪ್ರತಿಯೊಂದರ ಕಲೆಕ್ಟರಿನಿಂದ ಇನ್ನೊಂದರ ಬೇಸಿಗೆ 10 ಕಿಲೋ ಓಮ್ ಹಾಕಿದರೆ ಒಂದು ಬದಿ ಹಿಡಿದು ಕೂರುತ್ತದೆ. ಆ ಎರಡನ್ನೂ ತೆಗೆದು ತಲಾ ಒಂದು 10 ಮೈಕ್ರೋಫ್ಯಾರಡ್ ಹಾಕಿ, ಪ್ಲಸ್ ಕಾಲು ಕಲೆಕ್ಟರಿಗೆ. ಪ್ರತಿ ಬೇಸಿನಿಂದ 5 ವೋಲ್ಟಿಗೆ 47 ಕಿಲೋ ಓಮ್. ತಡೆಯುವ ಹಿಡಿತ ಕ್ರಮೇಣ ಸಡಿಲವಾಗಿ, ಸುಮಾರು 0.65 ಸೆಕೆಂಡಿಗೊಂದು ಆವರ್ತದಲ್ಲಿ ಎರಡೂ ಸರದಿಯಂತೆ ಮಿಡಿಯುತ್ತವೆ.