ಚೇತರಿಕೆಯ ನಡುವೆ ದುಡಿಮೆ

ಪ್ರಶ್ನೆ: ಮಾದಕವ್ಯಸನದಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಐರ್ಲೆಂಡ್ ಸರ್ಕಾರ ಸಮುದಾಯ ಉದ್ಯೋಗ ಯೋಜನೆಯಡಿ ಕೆಲಸ ಒದಗಿಸುತ್ತದೆಯಂತೆ. ಪೂರ್ತಿ ಗುಣಮುಖರಾಗದವರಿಗೆ ಅದು ಹೊರೆಯಾಗುವುದಿಲ್ಲವೇ?

ಉತ್ತರ: 1994ರಲ್ಲಿ ಮುಖ್ಯವಾಗಿ ದೀರ್ಘಕಾಲದ ನಿರುದ್ಯೋಗಿಗಳಿಗಾಗಿ ಆರಂಭವಾದ ಈ ಯೋಜನೆಯಲ್ಲಿ ಚೇತರಿಸಿಕೊಳ್ಳುತ್ತಿರುವವರಿಗೆಂದೇ ಪ್ರತ್ಯೇಕ ಸ್ಥಾನಗಳಿವೆ. ಹಣ ಸರ್ಕಾರದ್ದು, ನಿರ್ವಹಣೆ ಸ್ಥಳೀಯ ಸಮುದಾಯ ಸಂಸ್ಥೆಗಳದು. ವಾರಕ್ಕೆ ಸರಾಸರಿ 19.5 ಗಂಟೆಗಳ ಈ ದುಡಿಮೆಯೊಳಗೇ ಆಪ್ತಸಮಾಲೋಚನೆ, ಕಲಿಕೆ, ವೃತ್ತಿ ತರಬೇತಿಗಳೂ ಸೇರಿರುವುದರಿಂದ, ಚಿಕಿತ್ಸೆಗೆ ಹೋದರೆ ಸಂಬಳ ಹೋಯಿತು, ಕೆಲಸಕ್ಕೆ ಹೋದರೆ ಚಿಕಿತ್ಸೆ ತಪ್ಪಿತು ಎಂಬ ಇಕ್ಕಟ್ಟು ಬಹುಮಟ್ಟಿಗೆ ಇಲ್ಲವಾಗುತ್ತದೆ. ದಿನಕ್ಕೊಂದು ಕ್ರಮ ಸಿಗುವುದೂ ಸಣ್ಣ ಲಾಭವೇನಲ್ಲ. ನಿಜವಾದ ಕಷ್ಟವಿರುವುದು, ನನ್ನ ದೃಷ್ಟಿಯಲ್ಲಿ, ಯೋಜನೆಯ ಅವಧಿ ಮುಗಿದ ಮೇಲೆ: ಹಳೆಯ ಅಪರಾಧ ದಾಖಲೆಯನ್ನೂ ಕೆಲಸವಿಲ್ಲದೆ ಕಳೆದ ವರ್ಷಗಳನ್ನೂ ಹೊರಗಿನ ಉದ್ಯೋಗದಾತರೆಲ್ಲರೂ ಇಷ್ಟೇ ತಾಳ್ಮೆಯಿಂದ ನೋಡುವುದಿಲ್ಲ.